ನಾಯಿ ಹಗ್ಗ ಎಳೆಯುವುದೇಕೆ?

ಕೊಪ್ಪ ತಾಲ್ಲೂಕಿನ ಭಂಡಿಗಡಿಯ ಆಸುಪಾಸಿನಲ್ಲಿ ಯಾವ ಮನೆಯ ದಣಪೆ ದಾಟಿದರೂ ಬಂದವರನ್ನು ಮೊದಲು ವಿಚಾರಿಸಿಕೊಳ್ಳುವುದು ನಾಯಿ. ಮನೆಯವರು ಹೊರಗೆ ಬರುವುದು ಆಮೇಲೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಗದ್ದೆ, ಹಾಡ್ಯಗಳಿರುವ ಮಲೆನಾಡಿನಲ್ಲಿ ನಾಯಿ ಇಲ್ಲದ ಮನೆ ಅಪರೂಪ. ತೋಟಕ್ಕೆ ಬಂದ ಮಂಗಗಳನ್ನು ಅಟ್ಟಲು, ಗದ್ದೆಗೆ ಇಳಿದ ಕಾಡುಹಂದಿಯನ್ನು ಬೆದರಿಸಲು, ಕತ್ತಲಲ್ಲಿ ಯಾರೋ ಬಂದರೆಂದು ತಿಳಿಸಲು ಅದು ಬೇಕೇ ಬೇಕು. ಹಗಲೆಲ್ಲ ಕೊಟ್ಟಿಗೆಯ ಕಂಬಕ್ಕೆ ಸರಪಳಿ, ರಾತ್ರಿ ಬಿಡುಗಡೆ. ಇದು ಅನೇಕ ಮನೆಗಳ ರೂಢಿ.

ಇಂತಹ ನಾಯಿಯನ್ನು ಹಗ್ಗ ಹಿಡಿದು ರಸ್ತೆಗೆ ಕರೆದೊಯ್ಯಬೇಕಾದ ದಿನ ಮಾತ್ರ ಮನೆಯವರಿಗೆಲ್ಲ ಪರೀಕ್ಷೆ. ಪಶುವೈದ್ಯರು ರೇಬಿಸ್ ಲಸಿಕೆ ಹಾಕಲು ಊರಿಗೆ ಬಂದಿದ್ದಾರೆ ಎಂದುಕೊಳ್ಳಿ. ಏಳನೆಯ ತರಗತಿಯ ಹುಡುಗನ ಕೈಗೆ ಹಗ್ಗ ಕೊಟ್ಟು ಕಳಿಸುತ್ತಾರೆ. ಅಂಗಳ ದಾಟುವಷ್ಟರಲ್ಲಿ ನಾಯಿ ಮುಂದೆ, ಹುಡುಗ ಹಿಂದೆ. ಕೊರಳು ಬಿಗಿದು ನಾಯಿ ಗೊರಗೊರ ಉಸಿರೆಳೆಯುತ್ತದೆ; ಅಂಗೈ ಉರಿದು ಹುಡುಗ ಕೂಗುತ್ತಾನೆ. ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದಾರೆ ಎಂದು ನೋಡಿದವರಿಗೆ ಅನುಮಾನ ಬರಬೇಕು. ಎದುರಿಗೆ ಬಸ್ಸೋ ಬೈಕೋ ಬಂದರೆ ಇದು ನಗುವ ವಿಷಯವಾಗಿ ಉಳಿಯುವುದಿಲ್ಲ. ಕೊನೆಗೆ ಹಿರಿಯರು, ‘ಈ ನಾಯಿ ಹೇಳಿದ ಮಾತು ಕೇಳುವುದಿಲ್ಲ, ವಾಪಸು ಕಟ್ಟಿಹಾಕಿ’ ಎಂದುಬಿಡುತ್ತಾರೆ. ಆ ವರ್ಷದ ಲಸಿಕೆ ತಪ್ಪುತ್ತದೆ.

ನಾಯಿ ನಿಜವಾಗಿ ಮಾತು ಕೇಳುತ್ತಿಲ್ಲವೇ? ವಿಜ್ಞಾನದ ಕಣ್ಣಿನಿಂದ ನೋಡಿದರೆ ಉತ್ತರ ಬೇರೆಯೇ ಇದೆ. ಹಗ್ಗ ಹಿಡಿದವರು ತಿಳಿಯದೆಯೇ ಕಲಿಸಿದ ಪಾಠವನ್ನು ಆ ನಾಯಿ ಚೆನ್ನಾಗಿ ಕಲಿತಿದೆ. ‘ಎಳೆದರೆ ಮುಂದೆ ಹೋಗಬಹುದು’ ಎಂಬುದೇ ಆ ಪಾಠ.

ಪರಿಣಾಮವೇ ಗುರು

1898ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ತನ್ನ ಪ್ರಯೋಗಗಳ ವರದಿಯೊಂದನ್ನು ಪ್ರಕಟಿಸಿದ. ಹಸಿದ ಬೆಕ್ಕನ್ನು ಮರದ ಪಟ್ಟಿಗಳ ಪೆಟ್ಟಿಗೆಯಲ್ಲಿ ಕೂಡಿಹಾಕಿ ಹೊರಗೆ ಆಹಾರ ಇಡುತ್ತಿದ್ದ. ಒಳಗಿನ ಒಂದು ದಾರವನ್ನು ಎಳೆದರೆ ಅಥವಾ ಒಂದು ಹಲಗೆಯನ್ನು ತುಳಿದರೆ ಬಾಗಿಲು ತೆರೆಯುತ್ತಿತ್ತು. ಬೆಕ್ಕು ಮೊದಲು ಪರಚಿತು, ಕಚ್ಚಿತು, ಸಂದಿಯಲ್ಲಿ ನುಸುಳಲು ನೋಡಿತು. ಅಕಸ್ಮಾತ್ತಾಗಿ ದಾರ ಎಳೆದಾಗ ಬಾಗಿಲು ತೆರೆಯಿತು. ಅದೇ ಬೆಕ್ಕನ್ನು ಮತ್ತೆ ಮತ್ತೆ ಪೆಟ್ಟಿಗೆಯೊಳಗೆ ಬಿಟ್ಟಾಗ ಹೊರಬರಲು ಬೇಕಾದ ಸಮಯ ಕ್ರಮೇಣ ಕಡಿಮೆಯಾಯಿತು. ಉಪಯೋಗವಿಲ್ಲದ ಚೇಷ್ಟೆಗಳು ಉದುರಿಹೋಗಿ, ಬಾಗಿಲು ತೆರೆಸಿದ ಕ್ರಿಯೆ ಮಾತ್ರ ಉಳಿಯಿತು. ಹಿತವಾದ ಫಲ ಕೊಟ್ಟ ಕ್ರಿಯೆ ಮತ್ತೆ ಮತ್ತೆ ನಡೆಯುತ್ತದೆ ಎಂಬ ಈ ತತ್ತ್ವಕ್ಕೆ ‘ಪರಿಣಾಮದ ನಿಯಮ’ ಎಂದು ಹೆಸರು. ಥಾರ್ನ್‌ಡೈಕ್ ನಾಯಿಗಳ ಮೇಲೂ ಇಂಥ ಪ್ರಯೋಗ ನಡೆಸಿದ್ದ.

ಈಗ ರಸ್ತೆಗೆ ಬನ್ನಿ. ನಾಯಿಗೆ ಎದುರಿನ ಬೇಲಿಬುಡದ ವಾಸನೆ ಬೇಕು. ಅದು ಎಳೆಯುತ್ತದೆ. ಹಗ್ಗ ಹಿಡಿದವರು ‘ಏ, ನಿಲ್ಲು’ ಎನ್ನುತ್ತಲೇ ಎರಡು ಹೆಜ್ಜೆ ಮುಂದೆ ಹೋಗುತ್ತಾರೆ. ನಾಯಿ ಬೇಲಿ ಮುಟ್ಟಿತು. ಬಾಯಿ ‘ನಿಲ್ಲು’ ಎಂದಿತು, ಕಾಲು ‘ಎಳೆ’ ಎಂದಿತು. ನಾಯಿ ನಂಬುವುದು ಕಾಲನ್ನು. ದಿನಕ್ಕೆ ಹತ್ತು ಸಲ ಹೀಗಾದರೆ ವರ್ಷಕ್ಕೆ 3,650 ಪಾಠಗಳಾದವು.

ಇನ್ನೊಂದು ವಿಷಯವೂ ಇದೆ. ಬಿ.ಎಫ್. ಸ್ಕಿನ್ನರ್ ಎಂಬ ಮತ್ತೊಬ್ಬ ಅಮೆರಿಕನ್ ಮನೋವಿಜ್ಞಾನಿ 1930ರ ದಶಕದಿಂದ ಇಲಿ, ಪಾರಿವಾಳಗಳ ಮೇಲೆ ಬಹಳ ವರ್ಷ ಪ್ರಯೋಗ ನಡೆಸಿದ. ಪ್ರತಿ ಸಲವೂ ಕಾಳು ಸಿಕ್ಕಿ ಕಲಿತ ಅಭ್ಯಾಸ, ಕಾಳು ನಿಂತ ಮೇಲೆ ಬೇಗ ಬಿಟ್ಟುಹೋಗುತ್ತದೆ. ಕೆಲವು ಸಲ ಮಾತ್ರ ಸಿಕ್ಕಿ ಕಲಿತ ಅಭ್ಯಾಸ ಸುಲಭವಾಗಿ ಬಿಡುವುದಿಲ್ಲ. ‘ಈ ಸಲ ಸಿಕ್ಕೀತು’ ಎಂಬಂತೆ ಪ್ರಾಣಿ ಪ್ರಯತ್ನಿಸುತ್ತಲೇ ಇರುತ್ತದೆ. ಮನೆಯಲ್ಲಿ ಅಕ್ಕ ಹಗ್ಗ ಬಿಗಿಯಾದರೆ ನಿಲ್ಲುತ್ತಾಳೆ, ತಮ್ಮ ನಾಯಿಯ ಹಿಂದೆ ಓಡುತ್ತಾನೆ, ಅಪ್ಪ ಬಿಡುವಿದ್ದ ದಿನ ನಿಂತು ಅವಸರದ ದಿನ ಎಳೆಸಿಕೊಳ್ಳುತ್ತಾನೆ ಎಂದರೆ, ಆ ನಾಯಿಗೆ ಎಳೆಯುವ ಚಟ ಬಿಡಿಸುವುದು ಇನ್ನಷ್ಟು ಕಷ್ಟ. ಆದ್ದರಿಂದ ನಾಯಿಗೆ ಪಾಠ ಶುರು ಮಾಡುವ ಮೊದಲು ಮನೆಯವರೆಲ್ಲ ಕೂತು ಒಂದು ಒಪ್ಪಂದಕ್ಕೆ ಬರಬೇಕು.

ನಾಲ್ಕು ಕಾಲಿನ ಬಲ

ಇಪ್ಪತ್ತು ಕಿಲೋ ತೂಗುವ ನಾಯಿ ಮೂವತ್ತೈದು ಕಿಲೋ ತೂಗುವ ಹುಡುಗನನ್ನು ಎಳೆಯುವುದು ಹೇಗೆ? ನ್ಯೂಟನ್ನನ ಮೂರನೆಯ ನಿಯಮವನ್ನು ನೆನೆಯಿರಿ. ನಡೆಯುವ ಪ್ರಾಣಿ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಪ್ರಾಣಿಯನ್ನು ಮುಂದಕ್ಕೆ ತಳ್ಳುತ್ತದೆ. ನಾಯಿಗೆ ತಳ್ಳಲು ನಾಲ್ಕು ಕಾಲು, ಮಣ್ಣಿಗೆ ಊರಲು ಉಗುರು. ಗುರುತ್ವಕೇಂದ್ರ ನೆಲಕ್ಕೆ ಹತ್ತಿರ. ಹುಡುಗನಿಗೆ ಎರಡೇ ಕಾಲು, ಮಳೆಗಾಲದಲ್ಲಿ ಜಾರುವ ಹವಾಯಿ ಚಪ್ಪಲಿ. ಅವನ ಗುರುತ್ವಕೇಂದ್ರ ಹೊಕ್ಕುಳಿನ ಹತ್ತಿರ, ಅಂದರೆ ನೆಲದಿಂದ ಬಹಳ ಮೇಲೆ. ಬಲಪ್ರಯೋಗದ ಸ್ಪರ್ಧೆಗೆ ಇಳಿದರೆ ಬೀಳುವವರು ಯಾರೆಂದು ಹೇಳಬೇಕಾಗಿಲ್ಲ. ಹಗ್ಗವನ್ನು ಮುಂಗೈಗೋ ಬೆರಳಿಗೋ ಸುತ್ತಿಕೊಂಡಿದ್ದರೆ ಬಿದ್ದಾಗ ಬಿಡಿಸಿಕೊಳ್ಳಲೂ ಆಗದು. ಹಗ್ಗದ ತುದಿಯ ಕುಣಿಕೆಯನ್ನು ಅಂಗೈಯಲ್ಲಿ ಹಿಡಿಯಬೇಕೇ ಹೊರತು ಎಂದೂ ಸುತ್ತಿಕೊಳ್ಳಬಾರದು. ಬಲವಾದ ನಾಯಿಯನ್ನು ಚಿಕ್ಕ ಮಕ್ಕಳ ಕೈಗೆ ಒಪ್ಪಿಸಿ ರಸ್ತೆಗೆ ಕಳಿಸುವುದು ಸರಿಯಲ್ಲ, ಜೊತೆಯಲ್ಲಿ ದೊಡ್ಡವರಿರಬೇಕು.

ಕೊರಳಪಟ್ಟಿಯ ಲೆಕ್ಕವೂ ಎಂಟನೆಯ ತರಗತಿಯ ಪಾಠವೇ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ನಾಯಿ 10 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯುತ್ತಿದೆ, ಪಟ್ಟಿಯ 15 ಸೆಂಟಿಮೀಟರ್ ಉದ್ದದ ಭಾಗ ಅದರ ಕತ್ತನ್ನು ಒತ್ತುತ್ತಿದೆ ಎಂದಿಟ್ಟುಕೊಳ್ಳಿ. ಅರ್ಧ ಸೆಂಟಿಮೀಟರ್ ದಪ್ಪದ ಹಗ್ಗವನ್ನೇ ಕೊರಳಿಗೆ ಕಟ್ಟಿದ್ದರೆ ಒತ್ತುವ ಜಾಗ 7.5 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1.3 ಕಿಲೋ ಭಾರ. 3 ಸೆಂಟಿಮೀಟರ್ ಅಗಲದ ಬೆಲ್ಟಾದರೆ ಜಾಗ 45 ಚದರ ಸೆಂಟಿಮೀಟರ್, ಭಾರ 0.22 ಕಿಲೋ ಮಾತ್ರ. ಆರು ಪಟ್ಟು ವ್ಯತ್ಯಾಸ! ಕತ್ತಿನೊಳಗೆ ಇರುವುದು ಶ್ವಾಸನಾಳ, ರಕ್ತನಾಳ, ನರಗಳು. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೊರಳಪಟ್ಟಿ ಕಟ್ಟಿಸಿಕೊಂಡು ಎಳೆಯುವ ನಾಯಿಗಳ ಕಣ್ಣುಗುಡ್ಡೆಯೊಳಗಿನ ಒತ್ತಡ ಏರುವುದು ಕಂಡುಬಂತು. ಎದೆಗೆ ಕಟ್ಟುವ ಪಟ್ಟಿ ಹಾಕಿದಾಗ ಹಾಗೆ ಏರಲಿಲ್ಲ.

ಈ ಎದೆಪಟ್ಟಿಗೆ ಪೇಟೆಯಲ್ಲಿ ಹಾರ್ನೆಸ್ ಎನ್ನುತ್ತಾರೆ. ಹಗ್ಗ ಸಿಕ್ಕಿಸುವ ಬಳೆ ಎದೆಯ ಮುಂಭಾಗದಲ್ಲಿದ್ದರೆ ಇನ್ನೂ ಒಂದು ಲಾಭವಿದೆ. ನಾಯಿ ಮುಂದಕ್ಕೆ ನುಗ್ಗಿದಾಗ ಹಗ್ಗ ಅದರ ಎದೆಯನ್ನು ಪಕ್ಕಕ್ಕೆ ತಿರುಗಿಸುತ್ತದೆ. ಎಳೆಯುವ ಬಲ ನೇರವಾಗಿ ಕೆಲಸ ಮಾಡದು. ಎದೆಪಟ್ಟಿ ಸಿಗದಿದ್ದರೆ ಚಿಂತೆಯಿಲ್ಲ. ಅಗಲವಾದ ಮೆತ್ತನೆಯ ಕೊರಳಪಟ್ಟಿ, ಒಂದೂವರೆಯಿಂದ ಎರಡು ಮೀಟರ್ ಉದ್ದದ ಹಗುರವಾದ ಹಗ್ಗ ಸಾಕು. ಪಟ್ಟಿಗೂ ಕತ್ತಿಗೂ ನಡುವೆ ಎರಡು ಬೆರಳು ತೂರುವಂತಿರಬೇಕು. ಕಂಬಕ್ಕೆ ಕಟ್ಟುವ ಕಬ್ಬಿಣದ ಸರಪಳಿ ನಡೆದಾಟಕ್ಕೆ ಒಳ್ಳೆಯದಲ್ಲ. ಅದರ ಭಾರವೇ ಕೊರಳನ್ನು ಸದಾ ಜಗ್ಗುತ್ತಿರುವುದರಿಂದ ಸಡಿಲ ಯಾವುದು, ಬಿಗಿ ಯಾವುದು ಎಂಬುದು ನಾಯಿಗೆ ತಿಳಿಯುವುದಿಲ್ಲ.

ಮೂಗಿನ ಪ್ರಪಂಚ

ಮನುಷ್ಯನಿಗೆ ನಡೆದಾಟವೆಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲಪುವುದು. ನಾಯಿಗೆ ಅದು ಪತ್ರಿಕೆ ಓದುವ ಹೊತ್ತು. ಮನುಷ್ಯನ ಮೂಗಿನಲ್ಲಿ ವಾಸನೆ ಗ್ರಹಿಸುವ ಜೀವಕೋಶಗಳು ಸುಮಾರು 50ರಿಂದ 60 ಲಕ್ಷ. ನಾಯಿಯ ಮೂಗಿನಲ್ಲಿ, ತಳಿಗೆ ತಕ್ಕಂತೆ, 20 ಕೋಟಿಯನ್ನೂ ಮೀರುತ್ತವೆ. ಉಸಿರು ಬಿಡುವಾಗ ಗಾಳಿ ಮೂಗಿನ ಹೊಳ್ಳೆಯ ಪಕ್ಕದ ಸೀಳಿನಿಂದ ಹೊರಹೋಗುವುದರಿಂದ ಮುಂದಿರುವ ವಾಸನೆ ಚದುರಿಹೋಗುವುದಿಲ್ಲ. ರಾತ್ರಿ ಯಾವ ನಾಯಿ ಈ ದಾರಿಯಲ್ಲಿ ಹೋಯಿತು, ಹಂದಿ ಎಲ್ಲಿ ನೆಲ ಕೆದಕಿತು ಎಂಬ ಸುದ್ದಿಯೆಲ್ಲ ಅದಕ್ಕೆ ಒಂದು ಹುಲ್ಲಿನ ಬುಡದಲ್ಲಿ ಸಿಗುತ್ತದೆ. ಹಗಲೆಲ್ಲ ಕಂಬದ ಸುತ್ತ ತಿರುಗಿದ ಪ್ರಾಣಿಗೆ ಇಷ್ಟು ಸುದ್ದಿ ಒಮ್ಮೆಗೇ ಸಿಕ್ಕಿದರೆ ಅದು ನುಗ್ಗದೆ ಇನ್ನೇನು ಮಾಡೀತು?

ಈ ಆಸೆಯನ್ನೇ ಪಾಠಕ್ಕೆ ಬಳಸಿಕೊಳ್ಳಬಹುದು. 1959ರಲ್ಲಿ ಡೇವಿಡ್ ಪ್ರೀಮ್ಯಾಕ್ ಎಂಬ ವಿಜ್ಞಾನಿ, ಪ್ರಾಣಿಗೆ ಹೆಚ್ಚು ಇಷ್ಟವಾದ ಕೆಲಸವನ್ನು ಕಡಿಮೆ ಇಷ್ಟವಾದ ಕೆಲಸಕ್ಕೆ ಬಹುಮಾನವಾಗಿ ಕೊಡಬಹುದೆಂದು ತೋರಿಸಿದ. ಇದು ತಾಯಂದಿರಿಗೆ ಹೊಸದೇನಲ್ಲ. ‘ಮಗ್ಗಿ ಬರೆದು ಮುಗಿಸು, ಆಮೇಲೆ ಆಟ’ ಎಂದು ಅವರು ಎಂದಿನಿಂದಲೂ ಹೇಳುತ್ತ ಬಂದಿದ್ದಾರೆ. ನಾಯಿಯ ವಿಷಯದಲ್ಲೂ ಅಷ್ಟೇ: ಹಗ್ಗ ಸಡಿಲವಾಗಿರಲಿ, ಆಮೇಲೆ ಬೇಲಿಬುಡ.

ಪಾಠದ ಕ್ರಮ

ಮರಿಯಾಗಿದ್ದಾಗಲೇ ಕಲಿಸುವುದು ಸುಲಭ. ಎರಡು, ಎರಡೂವರೆ ತಿಂಗಳ ಮರಿಗೆ ಮೊದಲು ಬರಿಯ ಕೊರಳಪಟ್ಟಿ ಹಾಕಿ ಅಭ್ಯಾಸ ಮಾಡಿಸಬೇಕು. ಅದು ಕೆರೆದುಕೊಳ್ಳುವುದನ್ನು ನಿಲ್ಲಿಸಿದ ಮೇಲೆ, ಅನ್ನ ಹಾಕುವ ಹೊತ್ತಿಗೆ ಹಗುರವಾದ ಹಗ್ಗ ಸಿಕ್ಕಿಸಿ, ಎದುರಿಗೇ ನಿಂತು, ಎಳೆದುಕೊಂಡು ಓಡಾಡಲು ಬಿಡಬೇಕು. ರೋಗನಿರೋಧಕ ಲಸಿಕೆಗಳು ಮುಗಿಯುವವರೆಗೆ ಪಾಠವೆಲ್ಲ ಮನೆಯಂಗಳದಲ್ಲೇ ಆಗಲಿ. ಬೆಳೆದ ನಾಯಿಯೂ ಕಲಿಯುತ್ತದೆ, ಸಮಯ ಮಾತ್ರ ಹೆಚ್ಚು ಬೇಕು.

ಮೊದಲ ಹಂತ ಅಂಗಳ. ಹಗ್ಗ ಹಿಡಿದವರು ಸುಮ್ಮನೆ ನಿಲ್ಲಬೇಕು. ನಾಯಿ ಹತ್ತಿರ ಬಂದು, ಹಗ್ಗ ಸಡಿಲವಾಗಿ ಇಳಿಬಿದ್ದ ಕೂಡಲೆ ಕಾಲಿನ ಪಕ್ಕದಲ್ಲೇ ಒಂದು ಚೂರು ತಿಂಡಿ ಕೊಡಬೇಕು. ದೋಸೆಯ ತುಂಡೋ ಬೇಯಿಸಿದ ಮೊಟ್ಟೆಯ ಚೂರೋ ಸಾಕು. ಕಡಲೆಕಾಳಿನಷ್ಟು ದೊಡ್ಡದಿದ್ದರೆ ಆಯಿತು. ಚಾಕೊಲೇಟು, ಈರುಳ್ಳಿ, ಒಣದ್ರಾಕ್ಷಿ ಬೇಡ. ಇವು ನಾಯಿಗೆ ವಿಷ. ತಿಂಡಿ ತಡವಾದರೆ ಪಾಠ ತಪ್ಪುತ್ತದೆ. ಪಕ್ಕದಲ್ಲಿ ನಿಂತದ್ದಕ್ಕೆ ಕೊಡಬೇಕಾದುದನ್ನು ಅದು ಹಾರಿ ಮೈಮೇಲೆ ಬಂದಾಗ ಕೊಟ್ಟರೆ, ಹಾರುವುದನ್ನೇ ಕಲಿಸಿದಂತೆ.

ಎರಡನೆಯ ಹಂತ ಹೆಜ್ಜೆ. ‘ನಡಿ’ ಎಂದು ಒಂದೇ ಮಾತು ಹೇಳಿ ಒಂದು ಹೆಜ್ಜೆ, ತಿಂಡಿ. ಎರಡು ಹೆಜ್ಜೆ, ತಿಂಡಿ. ಐದು ಹೆಜ್ಜೆ, ತಿಂಡಿ. ಮನೆಯವರೆಲ್ಲರೂ ಅದೇ ಮಾತನ್ನು ಬಳಸಬೇಕು. ಒಬ್ಬರು ‘ನಡಿ’, ಇನ್ನೊಬ್ಬರು ‘ಕಮಾನ್’, ಮತ್ತೊಬ್ಬರು ‘ಬಾರೋ ಕರಿಯ’ ಎಂದರೆ ನಾಯಿಗೆ ಮೂರು ಭಾಷೆ ಕಲಿಯುವ ಕಷ್ಟ.

ಮೂರನೆಯ ಹಂತವೇ ಇಡೀ ಪಾಠದ ತಿರುಳು. ಹಗ್ಗ ಬಿಗಿಯಾದ ಕ್ಷಣ ನಿಲ್ಲುವುದು. ಬೈಯಬೇಕಾಗಿಲ್ಲ, ಹಿಂದಕ್ಕೆ ಜಗ್ಗಬೇಕಾಗಿಲ್ಲ. ತೋಟದ ಅಡಿಕೆಮರದ ಹಾಗೆ ನಿಂತರೆ ಸಾಕು. ನಾಯಿ ಇನ್ನೂ ಜೋರಾಗಿ ಎಳೆಯುತ್ತದೆ, ಆಮೇಲೆ ಏನಾಯಿತೆಂದು ಹಿಂದಿರುಗಿ ನೋಡುತ್ತದೆ ಅಥವಾ ಅರ್ಧ ಹೆಜ್ಜೆ ಹಿಂದೆ ಬರುತ್ತದೆ. ಹಗ್ಗ ಸಡಿಲವಾಯಿತು. ಕೂಡಲೆ ಮುಂದೆ ನಡೆಯಬೇಕು. ಮುಂದೆ ಹೋಗುವುದೇ ಇಲ್ಲಿ ಬಹುಮಾನ. ನಿಂತು ಸಾಕಾದರೆ ಬಂದ ದಾರಿಗೇ ತಿರುಗಿ ನಾಲ್ಕು ಹೆಜ್ಜೆ ನಡೆದು, ನಾಯಿ ಜೊತೆಗೆ ಬಂದಾಗ ಮತ್ತೆ ಮುಂದಕ್ಕೆ ತಿರುಗಬಹುದು.

ಮೊದಲ ದಿನ ಹತ್ತು ನಿಮಿಷಕ್ಕೆ ಅಂಗಳದಿಂದ ದಣಪೆಯವರೆಗೂ ಹೋಗಲು ಆಗದಿರಬಹುದು. ‘ಹೀಗೆ ನಿಂತ್ಕಂಡ್ರೆ ಶಾಲೆಗೆ ಹೋಗೋದು ಯಾವಾಗ?’ ಎಂದು ಅಮ್ಮ ಒಳಗಿನಿಂದ ಕೂಗಿದರೆ ಅದು ನ್ಯಾಯವೇ. ಅವಸರವಿದ್ದ ದಿನ ಪಾಠವನ್ನೇ ಇಟ್ಟುಕೊಳ್ಳಬಾರದು. ಎಳೆಸಿಕೊಂಡು ಹೋಗುವುದಕ್ಕಿಂತ ಆ ದಿನ ಅಂಗಳದಲ್ಲೇ ಚೆಂಡು ಆಡಿಸುವುದು ಒಳ್ಳೆಯದು. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಸಾಕು. ಮಳೆಗಾಲದಲ್ಲಿ ಜಗಲಿಯಲ್ಲೇ ಪಾಠ ನಡೆಸಬಹುದು.

ನಾಲ್ಕನೆಯ ಹಂತ ಜಾಗ ಬದಲಿಸುವುದು. ಅಂಗಳದಲ್ಲಿ ಕಲಿತದ್ದು ರಸ್ತೆಯಲ್ಲಿ ತಾನಾಗಿಯೇ ಬರುವುದಿಲ್ಲ. ಅಂಗಳ, ತೋಟದ ದಾರಿ, ಜನವಿಲ್ಲದ ಮಣ್ಣುರಸ್ತೆ, ಕೊನೆಗೆ ಬಸ್‌ಸ್ಟ್ಯಾಂಡು, ಹೀಗೆ ಒಂದೊಂದಾಗಿ ಏರಬೇಕು. ದೂರದಲ್ಲಿ ದನದ ಹಿಂಡೋ ಬೇರೆ ನಾಯಿಯೋ ಕಂಡರೆ ಅಲ್ಲೇ ಹೋರಾಡದೆ ಬಳಸಿಕೊಂಡು ಹೋಗಬೇಕು. ನಾಯಿ ತಿಂಡಿಯನ್ನು ಕೂಡ ಮೂಸದಷ್ಟು ಉದ್ರೇಕಗೊಂಡಿದ್ದರೆ ತೀರಾ ಹತ್ತಿರ ಬಂದಾಗಿದೆ ಎಂದರ್ಥ.

ಜಗ್ಗಿದರೆ ಏನಾಗುತ್ತದೆ?

‘ನಾಲ್ಕು ಬಾರಿಸಿದರೆ ಸರಿಹೋಗುತ್ತದೆ’ ಎನ್ನುವವರು ಇದ್ದಾರೆ. ಎಳೆದಷ್ಟೂ ಬಿಗಿಯುವ ಉರುಳು ಸರಪಳಿ ಹಾಕಿ ಫಟ್ಟನೆ ಜಗ್ಗುವ ಪದ್ಧತಿಯೂ ಇದೆ. ನೋವಿಗೆ ಹೆದರಿ ನಾಯಿ ಆ ಕ್ಷಣ ನಿಲ್ಲುವುದು ನಿಜ. ಆದರೆ ಅದು ಕಲಿತದ್ದು ಏನು ಎಂಬುದನ್ನು ಅರಿಯಲು ರಷ್ಯದ ಇವಾನ್ ಪಾವ್ಲೊವ್ ನೆನಪಾಗಬೇಕು.

ಪಾವ್ಲೊವ್‌ಗೆ 1904ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗಾಗಿ. ಲೋಕ ಅವನನ್ನು ನೆನಪಿಟ್ಟುಕೊಂಡದ್ದು ಅವನ ನಾಯಿಗಳಿಂದ. ಆಹಾರ ಕೊಡುವ ಮುನ್ನ ಪ್ರತಿ ಸಲವೂ ಒಂದು ಶಬ್ದ ಕೇಳಿಸಿದರೆ, ಕೆಲವು ದಿನಗಳ ನಂತರ ಶಬ್ದ ಕೇಳಿದಷ್ಟಕ್ಕೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು. ಮೊಳೆಯಿಂದ ಹಗ್ಗ ತೆಗೆದ ಸದ್ದಿಗೇ ನಾಯಿ ಕುಣಿದಾಡುವುದೂ ಇದೇ ಬಗೆಯ ಕಲಿಕೆ.

ಈ ಕಲಿಕೆ ಸುಖಕ್ಕೆ ಮಾತ್ರ ಸೀಮಿತವಲ್ಲ. ಎದುರಿಗೆ ಸೈಕಲ್ ಬಂದಾಗಲೆಲ್ಲ ಕತ್ತಿಗೆ ನೋವಾದರೆ, ಸೈಕಲ್ ಮತ್ತು ನೋವು ನಾಯಿಯ ಮನಸ್ಸಿನಲ್ಲಿ ಗಂಟುಬೀಳುತ್ತವೆ. ಶಾಲೆಯ ಮಗು ಹತ್ತಿರ ಬಂದಾಗಲೆಲ್ಲ ಜಗ್ಗಿದರೆ ಮಗುವೇ ನೋವಿನ ಮುನ್ಸೂಚನೆಯಾಗುತ್ತದೆ. ಸುಮ್ಮನೆ ಕುತೂಹಲದಿಂದ ಮುಂದೆ ಹೋಗುತ್ತಿದ್ದ ನಾಯಿ ಗುರುಗುಟ್ಟಲು ಕಲಿಯುತ್ತದೆ. ಗುರುಗುಟ್ಟಿದ್ದಕ್ಕೂ ಹೊಡೆದರೆ, ಎಚ್ಚರಿಕೆ ಕೊಡದೆ ಕಚ್ಚುವ ನಾಯಿ ತಯಾರಾಗಬಹುದು. ಇದರ ಬದಲು, ಮಗು ದೂರದಲ್ಲಿ ಕಂಡಾಗಲೆಲ್ಲ ಒಂದು ಚೂರು ದೋಸೆ ಸಿಕ್ಕಿದರೆ? ಗಂಟು ಆಗಲೂ ಬೀಳುತ್ತದೆ. ಈ ಸಲ ಒಳ್ಳೆಯದರ ಜೊತೆ.

ಕೆಲಸದ ನಾಯಿಗಳಿಂದ ಕಲಿಯುವುದು

ಬಂಡೀಪುರದ ಹುಲಿ ರಕ್ಷಿತಾರಣ್ಯದಲ್ಲಿ ಅರಣ್ಯ ಇಲಾಖೆಗಾಗಿ ದುಡಿದ ‘ರಾಣಾ’ ಎಂಬ ಜರ್ಮನ್ ಷೆಫರ್ಡ್ ನಾಯಿಯ ಹೆಸರನ್ನು ಅನೇಕರು ಕೇಳಿರಬಹುದು. 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಜನರನ್ನು ಕೊಂದ ಹುಲಿಯನ್ನು ಹುಡುಕುವ ಕಾರ್ಯಾಚರಣೆಯಲ್ಲಿ ರಾಣಾ ಜಾಡು ಹಿಡಿಯುವ ಕೆಲಸ ಮಾಡಿತ್ತು. ಆ ಹುಲಿ ಜೀವಂತ ಸೆರೆಸಿಕ್ಕಿತು. ಜಾಡು ಹಿಡಿಯುವ ನಾಯಿಗಳ ತರಬೇತಿಯಲ್ಲಿ ಒಂದು ಸ್ವಾರಸ್ಯವಿದೆ. ಕೊರಳಪಟ್ಟಿಗೆ ಹಗ್ಗ ಸಿಕ್ಕಿಸಿದಾಗ ನಾಯಿ ಪಾಲಕನ ಎಡಗಡೆ ಸಡಿಲ ಹಗ್ಗದಲ್ಲಿ ನಡೆಯಬೇಕು. ಜಾಡಿನ ಕೆಲಸಕ್ಕೆ ಎದೆಪಟ್ಟಿ ತೊಡಿಸಿ ಉದ್ದ ಹಗ್ಗ ಬಿಟ್ಟಾಗ ಅದು ಮುಂದೆ ಎಳೆದುಕೊಂಡು ಹೋಗಬಹುದು. ಎರಡು ಸಲಕರಣೆ, ಎರಡು ನಿಯಮ. ನಾಯಿಗೆ ಇದರಲ್ಲಿ ಗೊಂದಲವಿಲ್ಲ. ನಿಯಮ ದಿನಕ್ಕೊಂದಾಗದೆ ಸ್ಥಿರವಾಗಿದ್ದರೆ ಇಷ್ಟು ಸೂಕ್ಷ್ಮ ವ್ಯತ್ಯಾಸವನ್ನೂ ಅದು ಗುರುತಿಸುತ್ತದೆ.

ಮುಧೋಳ ನಾಯಿಯ ಕಥೆಯೂ ಇಲ್ಲಿ ಹೇಳತಕ್ಕದ್ದು. ತೆಳ್ಳನೆಯ ದೇಹ, ಉದ್ದ ಕಾಲಿನ ಈ ತಳಿ ಕಣ್ಣಿಗೆ ಬಿದ್ದ ಮೊಲವನ್ನು ಬಯಲಿನಲ್ಲಿ ಬೆನ್ನಟ್ಟಿ ಹಿಡಿಯಲೆಂದೇ ಬೆಳೆದು ಬಂದದ್ದು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ಹೊರಡಿಸಿತು. ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಈ ತಳಿಯ ಮರಿಗಳು ತರಬೇತಿಗಾಗಿ ಮೀರತ್‌ನಲ್ಲಿರುವ ಭೂಸೇನೆಯ ಕೇಂದ್ರಕ್ಕೆ ಹೋದವು. ಓಡುವುದಕ್ಕೆಂದೇ ಹುಟ್ಟಿದ ತಳಿಯನ್ನು ಸೇನೆಯಲ್ಲಿ ಪಳಗಿಸಲು ಹೊರಡುತ್ತಾರೆಂದರೆ, ಮನೆಯ ಕರಿಯನ ಬಗ್ಗೆ ಮೊದಲೇ ಕೈಚೆಲ್ಲಿ ಕೂರಬೇಕಾಗಿಲ್ಲ. ತಳಿಗೆ ತಕ್ಕಂತೆ ಪಾಠದಲ್ಲಿ ಚಿಕ್ಕ ವ್ಯತ್ಯಾಸ ಬೇಕಾದೀತು. ಮೂಗಿನ ನಾಯಿಗೆ ಬೇಲಿಬುಡದ ಹತ್ತಿರ ತೊಂದರೆ ಹೆಚ್ಚು. ಕಣ್ಣಿನ ನಾಯಿಗೆ ಓಡುವ ಕೋಳಿ, ಕರು ಕಂಡಾಗ.

ಸರಪಳಿ ಬೇರೆ, ಹಗ್ಗ ಬೇರೆ

ಕಂಬದ ಸರಪಳಿ ನಾಯಿಯನ್ನು ಒಂದೇ ಕಡೆ ನಿಲ್ಲಿಸುತ್ತದೆ. ಕೈಯ ಹಗ್ಗ ಅದನ್ನು ಲೋಕಕ್ಕೆ ಕರೆದೊಯ್ಯುತ್ತದೆ. ಇದು ಬರಿಯ ಮಾತಲ್ಲ, ಕಾನೂನೂ ಹೌದು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಪ್ರಕರಣದ ಪ್ರಕಾರ, ತೀರಾ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಪ್ರಾಣಿಯನ್ನು ವಿಪರೀತ ಹೊತ್ತು ಕಟ್ಟಿಹಾಕುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಗೆ ಒಡೆಯನು ತಕ್ಕಷ್ಟು ವ್ಯಾಯಾಮ ಕೊಡದಿರುವುದೂ ಅದೇ ಪ್ರಕರಣದಲ್ಲಿ ಸೇರಿದೆ.

ಹಾಗೆಂದು ನಾಯಿಯನ್ನು ಬಿಟ್ಟು ಸಾಕುವುದು ಮಲೆನಾಡಿನಲ್ಲಿ ಕ್ಷೇಮವಲ್ಲ. ಕಾಡಂಚಿನ ಊರುಗಳಲ್ಲಿ ನಾಯಿ ಚಿರತೆಗೆ ಸುಲಭದ ಬೇಟೆ. ಮಹಾರಾಷ್ಟ್ರದ ಅಕೋಲೆಯ ಕೃಷಿ ಪ್ರದೇಶದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಚಿರತೆಗಳು ತಿಂದ ಆಹಾರದ ತೂಕದಲ್ಲಿ ಸುಮಾರು ಶೇಕಡಾ 39ರಷ್ಟು ಸಾಕುನಾಯಿಗಳದೇ ಆಗಿತ್ತು. ಆದ್ದರಿಂದ ನಡೆದಾಟ ಬೆಳಕಿರುವಾಗಲೇ ಮುಗಿಯಬೇಕು. ರಾತ್ರಿ ನಾಯಿಗೆ ಭದ್ರವಾದ ಗೂಡು ಬೇಕು. ಹಾಡ್ಯ, ಸೊಪ್ಪಿನಬೆಟ್ಟಗಳಲ್ಲಿ ಅಲೆದು ಬಂದ ನಾಯಿಯ ಮೈಯಲ್ಲಿ ಉಣುಗು ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಉಣುಗು. ಇತ್ತೀಚಿನ ವರ್ಷಗಳಲ್ಲಿ ಈ ಕಾಯಿಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿದೆ. ಹಗ್ಗದಲ್ಲಿ ರಸ್ತೆಯ ಮೇಲೆ ನಡೆದು ಬಂದ ನಾಯಿ ಪೊದೆಗೆ ನುಗ್ಗುವುದಿಲ್ಲ. ಬಂದ ಮೇಲೆ ಕಿವಿ, ಕತ್ತು, ಬೆರಳ ಸಂದಿ ನೋಡಿ, ಉಣುಗಿದ್ದರೆ ಚಿಮಟದಿಂದ ತೆಗೆಯಬೇಕು. ಬರಿಗೈಯಲ್ಲಿ ಹಿಸುಕಬಾರದು. ಮಳೆಗಾಲದಲ್ಲಿ ಮೂಗಿನೊಳಗೆ ಇಂಬಳ ಹೊಕ್ಕಿಲ್ಲವೆಂದೂ ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಲಸಿಕೆ. ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಾಗ ಇನ್ನೊಂದು, ನಂತರ ವರ್ಷಕ್ಕೊಮ್ಮೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕಿ ಉಳಿಯುವುದು ತೀರಾ ವಿರಳ. ಒಂದು ಪ್ರದೇಶದ ಶೇಕಡಾ 70ರಷ್ಟು ನಾಯಿಗಳಿಗೆ ಲಸಿಕೆಯಾದರೆ ರೋಗ ಹರಡುವ ಸರಪಳಿ ಕಡಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2030ರೊಳಗೆ ನಾಯಿಯಿಂದ ಹರಡುವ ರೇಬಿಸ್ಸನ್ನು ತೊಲಗಿಸಬೇಕೆಂದು ಭಾರತ 2021ರಲ್ಲಿ ಕಾರ್ಯಯೋಜನೆ ಹಾಕಿಕೊಂಡಿತು. ಹಗ್ಗದಲ್ಲಿ ನಡೆಯಬಲ್ಲ ನಾಯಿ ಲಸಿಕೆಯ ಜಾಗವನ್ನು ತಲಪುತ್ತದೆ. ನಡೆಯದ ನಾಯಿ ಕಂಬದಲ್ಲೇ ಉಳಿಯುತ್ತದೆ. ಇಷ್ಟಾದರೂ ಯಾವ ನಾಯಿಯೇ ಕಚ್ಚಲಿ, ಪರಚಲಿ, ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಒಂದು ಪ್ರಯೋಗ

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪ್ರಯೋಗವಾಗಿ ಮಾಡಿ ನೋಡಬಹುದು. ದಿನವೂ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ದೊಡ್ಡವರೊಬ್ಬರ ಜೊತೆ ಹತ್ತು ನಿಮಿಷ ನಾಯಿಯನ್ನು ನಡೆಸಬೇಕು. ಹಗ್ಗ ಎಷ್ಟು ಸಲ ಬಿಗಿಯಾಯಿತೆಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಎಣಿಸಲು ಜೇಬಿನಲ್ಲಿ ಹುಣಿಸೆಬೀಜ ಇಟ್ಟುಕೊಂಡು, ಪ್ರತಿ ಸಲವೂ ಒಂದನ್ನು ಈ ಜೇಬಿನಿಂದ ಆ ಜೇಬಿಗೆ ಹಾಕಿದರಾಯಿತು. ಮೊದಲ ಮೂರು ದಿನ ಏನನ್ನೂ ಬದಲಿಸದೆ ಬರಿದೇ ಎಣಿಸಬೇಕು. ನಾಲ್ಕನೆಯ ದಿನದಿಂದ ನಿಲ್ಲುವ ನಿಯಮ ಪ್ರಾರಂಭ. ಇಪ್ಪತ್ತೊಂದು ದಿನವಾದ ಮೇಲೆ ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ದಿನ, ಉದ್ದಕ್ಕೆ ಬಿಗಿದ ಸಂಖ್ಯೆ ಗುರುತಿಸಿ ರೇಖೆ ಎಳೆಯಬೇಕು.

ಆ ರೇಖೆ ನಾಲ್ಕನೆಯ, ಐದನೆಯ ದಿನ ಕೆಳಗಿಳಿಯುವ ಬದಲು ಮೇಲಕ್ಕೇ ಹೋಗಬಹುದು. ಹೆದರಬೇಕಾಗಿಲ್ಲ. ಇಷ್ಟು ದಿನ ಫಲ ಕೊಡುತ್ತಿದ್ದ ಉಪಾಯ ಒಮ್ಮೆಲೇ ನಿಷ್ಫಲವಾದಾಗ ಪ್ರಾಣಿ ಬಿಟ್ಟುಕೊಡುವ ಮುನ್ನ ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತದೆ. ಪ್ರಯೋಗಶಾಲೆಗಳಲ್ಲೂ ಇದನ್ನು ಕಂಡಿದ್ದಾರೆ. ಅಂಗಡಿಯ ಮುಂದೆ ಮಿಠಾಯಿಗಾಗಿ ಅಳುವ ಮಗು, ಅಮ್ಮ ಕೊಡಿಸುವುದಿಲ್ಲ ಎಂದು ಗೊತ್ತಾದಾಗ ಒಂದು ಸಲ ತಾರಕಕ್ಕೆ ಏರುವುದಿಲ್ಲವೇ? ಹೆಚ್ಚಿನವರು ಸೋಲುವುದು ಅಲ್ಲಿಯೇ. ಆ ಗಳಿಗೆಯಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ, ‘ಇನ್ನೂ ಜೋರಾಗಿ ಎಳೆದರೆ ಸಿಗುತ್ತದೆ’ ಎಂಬ ಹೊಸ ಪಾಠ ಕಲಿಸಿದಂತಾಯಿತು. ನಿಂತೇ ಇದ್ದರೆ ದಿನ ಕಳೆದಂತೆ ರೇಖೆ ಇಳಿಯತೊಡಗುತ್ತದೆ.

ಅಪ್ಪ ಅಮ್ಮಂದಿರು ಆ ಗ್ರಾಫನ್ನು ಒಮ್ಮೆ ನೋಡಬೇಕು. ರೇಖೆ ಎಲ್ಲಿ ಥಟ್ಟನೆ ಮೇಲೆದ್ದಿದೆಯೋ ಆ ದಿನ ಹಗ್ಗ ಯಾರ ಕೈಯಲ್ಲಿತ್ತು ಎಂದು ಕೇಳಿದರೆ, ನಾಯಿಯ ಬಗ್ಗೆ ತಿಳಿಯುವುದಕ್ಕಿಂತ ಹೆಚ್ಚಾಗಿ ಮನೆಯವರ ಬಗ್ಗೆಯೇ ತಿಳಿಯಬಹುದು.